ಪುಕ್ಕಟೆ ಸಾಫ್ಟ್‌ವೇರ್ ಮಾರೋದು

ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್, ಮಾಡುವವರು ಹೆಸರಿಡುವಾಗ ಮಾತ್ರ ಯಾಕೋ ಎಡವುತ್ತಾರೆ. ಮಕ್ಕಳಿಗೆ ಬ್ಲಾಕ್ ಜೋಡಿಸಿ ಪ್ರೋಗ್ರಾಮಿಂಗ್ ಕಲಿಸುವ ಬರ್ಕ್ಲಿ ವಿಶ್ವವಿದ್ಯಾಲಯದ 'ಸ್ನ್ಯಾಪ್'ಗೆ ಮೊದಲು ಬಿವೈಒಬಿ ಅಂತ ಹೆಸರಿತ್ತು. 'ನಿಮ್ಮ ಬ್ಲಾಕ್ ನೀವೇ ಕಟ್ಟಿಕೊಳ್ಳಿ' ಅನ್ನೋದರ ಚುಟುಕು. ಅಮೆರಿಕದಲ್ಲಿ 'ನಿಮ್ಮ ಬಾಟ್ಲಿ ನೀವೇ ತನ್ನಿ' ಅನ್ನೋದಕ್ಕೂ ಅದೇ ಅಕ್ಷರಗಳು! ಮೇಷ್ಟ್ರುಗಳಿಗೆ ಮುಜುಗರ ಆಗದೆ ಇರುತ್ತಾ? ಬದಲಾಯಿಸಿದರು.

ಐಬಿಎಂನಲ್ಲಿ 2013ರಲ್ಲಿ ಹುಟ್ಟಿದ ನೋಡ್-ರೆಡ್ ನನ್ನ ಅನ್ನದ ದಾರಿ. ಪರದೆ ಮೇಲೆ ಡಬ್ಬಿಗಳನ್ನು ಜೋಡಿಸಿ ಯಂತ್ರಗಳಿಗೆ ಕೆಲಸ ಹೇಳೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ತೋರಿಸಿದೆ. ಡ್ರೈಯರ್ ಸೆನ್ಸರ್‌ಗೆ ಒಂದು ಡಬ್ಬಿ, 'ಬಿಸಿ ಹೆಚ್ಚಾದರೆ' ಅನ್ನೋದಕ್ಕೆ ಇನ್ನೊಂದು, ಮೆಸೇಜ್ ಕಳಿಸೋಕೆ ಮತ್ತೊಂದು. ಮೌಸ್‌ನಿಂದ ಗೆರೆ ಎಳೆದು ಚಾಲೂ ಮಾಡೋ 'ಡಿಪ್ಲಾಯ್' ಬಟನ್ ಒತ್ತಿದರೆ ಮುಗೀತು.

"ರೆಡ್ ಅಂದ್ರ ಡೇಂಜರ್ ಏನ್ರೀ?" ಅಂದರು ಸಾಹುಕಾರರು. ಅವರ ಊಹೆ ಪೂರ್ತಿ ತಪ್ಪೇನಲ್ಲ, ಆ ಹೆಸರು ತುರ್ತು ಅಪಾಯಕ್ಕೆ ಹೇಳೋ 'ಕೋಡ್ ರೆಡ್' ಮೇಲಿನ ತಮಾಷೆಯೇ. ಪುಕ್ಕಟೆ ಅಂದ ಮೇಲಂತೂ ಅನುಮಾನ ಇನ್ನೂ ಜಾಸ್ತಿ ಆಯಿತು. "ಕೆಟ್ರ ಯಾರಿಗೆ ಫೋನ್ ಹಚ್ಚಬೇಕು?"

ಬ್ರೋಷರ್‌ನಲ್ಲಿ 'ಲೋ-ಕೋಡ್' (ಹೆಚ್ಚು ಕೋಡ್ ಬರೆಯದೆ ಕೆಲಸ ಆಗುತ್ತೆ) ಅಂತ ದಪ್ಪಗೆ ಬರೆಯುವವರು ಈ ಪ್ರಶ್ನೆಗೆ ಒಂದು ಸಾಲಾದರೂ ಬರೆಯಬೇಕಿತ್ತು, ಅಲ್ವಾ? ಸದ್ಯಕ್ಕೆ ಪ್ಯಾನೆಲ್ ಬೋರ್ಡ್ ಮೇಲೆ ನನ್ನ ನಂಬರೇ ಅಂಟಿಸಿ ಬಂದಿದ್ದೇನೆ.