ಎಲೆಗೆ ತೂತು ಮಾಡಿ ಹಾಡುವ ಹುಳ

ಸಂಜೆ ಮಳೆ ನಿಂತಿದ್ದೇ ತಡ, ಮನೆ ಹಿಂದಿನ ಪೊದೆಯಲ್ಲಿ ಚಿಮ್ಮಂಡೆಗಳು ಶುರು ಹಚ್ಚಿಕೊಂಡಿವೆ. ಕೇಳುತ್ತಾ ಕೂತರೆ ಏಳೋಕೆ ಮನಸ್ಸೇ ಬರುತ್ತಿಲ್ಲ.

ಈ ಹಾಡು ಬಾಯಿಂದ ಬರುವುದಲ್ಲ. ಗಂಡು ಚಿಮ್ಮಂಡೆಯ ಒಂದು ರೆಕ್ಕೆಯ ಅಡಿಯಲ್ಲಿ ಸಣ್ಣ ಹಲ್ಲುಗಳ ಸಾಲಿದೆ. ಇನ್ನೊಂದು ರೆಕ್ಕೆಯ ಗಟ್ಟಿ ಅಂಚು ಅದರ ಮೇಲೆ ಉಜ್ಜಿದಾಗ ತೆಳು ಪೊರೆ ಅದುರಿ ಸ್ವರ ಹೊರಡುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡೋದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ? ತಂಬೂರಿಯ ತಂತಿಗೂ ಅದನ್ನು ಎತ್ತಿ ಹಿಡಿಯುವ ಕುದುರೆ ಅನ್ನೋ ಪಟ್ಟಿಗೂ ನಡುವೆ ಒಂದೆಳೆ ನೂಲು ಸಿಕ್ಕಿಸಿದರೆ ಜುಂಯ್ ಅಂತ ನಾದ ಏಳುತ್ತದಲ್ಲ, ಅದರಲ್ಲೂ ನನಗೆ ಹುಳಗಳೇ ಕೇಳಿಸುತ್ತವೆ. ಇಂಥ ದನಿಗಳ ನಡುವೆಯೇ ಬೆಳೆದ ಕಿವಿ ನಮ್ಮದು.

ನನ್ನ ಮೆಚ್ಚಿನ ಗಾಯಕ ಮಾತ್ರ ಈಕಾಂತಸ್ ಹೆನ್ರಿಯೈ ಅನ್ನೋ ಪುಟ್ಟ ಚಿಮ್ಮಂಡೆ. ನಮ್ಮ ದಕ್ಷಿಣದ ಕಡೆಯದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದರ ಬಗ್ಗೆ 2020ರಲ್ಲಿ ಬರೆದಿದ್ದಾರೆ. ಗಂಡು ಎಲೆಯ ನಡುವೆ ತೂತು ಕಡಿದು, ಅದರಲ್ಲಿ ತಲೆ ತೂರಿಸಿ, ರೆಕ್ಕೆಗಳನ್ನು ಎಲೆಯ ಮಟ್ಟಕ್ಕೆ ಎತ್ತಿ ಹಾಡುತ್ತದೆ. ರೆಕ್ಕೆಯ ಹಿಂದೆ ಮುಂದೆ ಹೊರಡುವ ದನಿಯ ಅಲೆಗಳು ಒಂದನ್ನೊಂದು ಅಳಿಸದಂತೆ ಎಲೆ ತಡೆಯುತ್ತದೆ, ದನಿ ಜೋರಾಗುತ್ತದೆ. ಸ್ಪೀಕರನ್ನು ಡಬ್ಬಿಯಲ್ಲಿ ಕೂರಿಸೋದೂ ಇದಕ್ಕೇ.

ಈ ಉಪಾಯ ಜಾಸ್ತಿ ಮಾಡುವುದು ಯಾರು ಗೊತ್ತಾ? ಸಣ್ಣ ಮೈಯ, ಮೆಲುದನಿಯ ಗಂಡುಗಳು. ದೊಡ್ಡ ದನಿಯವುಗಳ ಕಡೆ ಹೋಗುವಷ್ಟೇ ಹೆಣ್ಣುಗಳು ಆಗ ಇವುಗಳ ಕಡೆಗೂ ಬರುತ್ತವಂತೆ. ಓದಿ ಎಷ್ಟು ಖುಷಿಯಾಯ್ತು ಅಂದ್ರೆ, ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದೆ.