ಒಂದೇ ವೇರಿಯೇಬಲ್ ಅಲ್ವಾ ಸರ್?

"ಒಂದೇ ವೇರಿಯೇಬಲ್ ಅಲ್ವಾ ಸರ್, ಅದನ್ನ ಇನ್ಯಾರು ಮುಟ್ತಾರೆ?" ಮಂಗಳವಾರ ನಮ್ಮ ಟೀಮಿನ ಹುಡುಗ ಕೇಳಿದ ಈ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಸರ್ವರ್ ನಿಧಾನ ಅಂತ ಗ್ರಾಹಕರು ಬೈಯುತ್ತಿದ್ದರು. ಹುಡುಗ ಡಿಟ್ರೇಸ್ ಸ್ಕ್ರಿಪ್ಟ್ ಬರೆದ. ಓಡುತ್ತಿರುವ ಸಿಸ್ಟಮ್ಮಿನ ಒಳಗೆ ಇಣುಕಿ ನೋಡುವ ಟೂಲ್ ಅದು. ರೀಡ್ ಕಾಲ್ (ಡೇಟಾ ಓದಿಕೊಡು ಅಂತ ಸಿಸ್ಟಮ್ಮನ್ನು ಕೇಳುವುದು) ಶುರುವಾದಾಗ ಟೈಮ್‌ಸ್ಟ್ಯಾಂಪ್ ಒಂದು ವೇರಿಯೇಬಲ್‌ನಲ್ಲಿ ಎತ್ತಿಡುವುದು, ಮುಗಿದಾಗ ಆಗಿನ ಹೊತ್ತಿನಿಂದ ಅದನ್ನು ಕಳೆಯುವುದು. ನೋಡಿದರೆ ಎಲ್ಲ ರೀಡೂ ಚಕಚಕ! ಮ್ಯಾನೇಜರ್ "ನಮ್ಮ ಕಡೆ ಏನೂ ತೊಂದರೆ ಇಲ್ಲ" ಅಂತ ಮೇಲ್ ಬರೆಯಲು ಕೂತೇಬಿಟ್ಟರು. ಒಳ್ಳೆಯ ಮನುಷ್ಯ. ಆದರೆ ಬೇಕಾದ ನಂಬರ್ ಸಿಕ್ಕರೆ ಕೆದಕುವವರಲ್ಲ.

ಡಿಟ್ರೇಸ್ ಸ್ಕ್ರಿಪ್ಟ್ ಬರೆಯುವ ಡಿ ಭಾಷೆಯಲ್ಲಿ ಸುಮ್ನೆ ಒಂದು ಹೆಸರು ಬರೆದರೆ ಅದು ಗ್ಲೋಬಲ್, ಅಂದರೆ ಎಲ್ಲರಿಗೂ ಸೇರಿದ ವೇರಿಯೇಬಲ್. ಡಿಕ್ಲೇರ್ ಮಾಡುವುದೂ ಬೇಡ, ಮೊದಲು ಏನು ತುಂಬುತ್ತೀರೋ ಅದೇ ಅದರ ಟೈಪ್. ಸರ್ವರ್‌ನಲ್ಲಿ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳಿವೆಯಲ್ಲ, ಆ ಎಲ್ಲ ಥ್ರೆಡ್‌ಗಳಿಗೂ ಅದೊಂದೇ. ಹಾಳೆ ಮೇಲೆ ಬರೆದು ತೋರಿಸಿದೆ. ಮೊದಲ ಥ್ರೆಡ್ 100ಕ್ಕೆ ಒಳಗೆ ಹೋಯಿತು. ಎರಡನೆಯದು 900ಕ್ಕೆ ಬಂದು ಅದೇ ಜಾಗದಲ್ಲಿ 900 ಬರೆಯಿತು. ಮೊದಲನೆಯದು 950ಕ್ಕೆ ಹೊರಬಂತು. ಹಿಡಿದದ್ದು 850, ಸ್ಕ್ರಿಪ್ಟ್ ಹೇಳುವುದು 50. ರೀಡ್ ನಿಧಾನವಾದಷ್ಟೂ ನಡುವೆ ನುಗ್ಗುವವರು ಜಾಸ್ತಿ. ಹಾಗಾಗಿ ತಪ್ಪೆಲ್ಲ ಒಂದೇ ಕಡೆಗೆ, ನಮಗೆ ಹಿತವಾದ ಕಡೆಗೆ.

ಹುಡುಗ ಹಾಳೆಯನ್ನೇ ನೋಡುತ್ತಾ ಮತ್ತೆ ಅಂದ, "ಒಂದೇ ವೇರಿಯೇಬಲ್ ಅಲ್ವಾ ಸರ್..." ಈ ಸಲ ದನಿ ಬೇರೆ. ಹೌದಪ್ಪ, ಒಂದೇ. ಅದೇ ತಾನೆ ತೊಂದರೆ.

ಪಕ್ಕದ ಸೀಟಿನವರು "ಹೆಸರಿಗೆ ಮೊದಲು ದಿಸ್ (this) ಹಾಕು" ಅಂದರು. ಅವರ ಹತ್ತಿರ ಎಲ್ಲದಕ್ಕೂ ಅರ್ಧ ಉತ್ತರ ಇರುತ್ತದೆ. ದಿಸ್ ಬದುಕುವುದು ಆ ಒಂದು ಪ್ರೋಬ್ (ಡಿಟ್ರೇಸ್ ಕಾದು ಕೂತ ಜಾಗ; ರೀಡ್ ಶುರು ಒಂದು, ರಿಟರ್ನ್ ಇನ್ನೊಂದು) ಹೊಡೆದಾಗ ಮಾತ್ರ. ರಿಟರ್ನ್ ಹೊತ್ತಿಗೆ ಅದರಲ್ಲಿ ಏನಿರುತ್ತದೋ ದೇವರೇ ಬಲ್ಲ. ಬೇಕಿದ್ದದ್ದು ಸೆಲ್ಫ್ (self). ಅದು ಪ್ರತಿ ಥ್ರೆಡ್‌ಗೂ ಬೇರೆ ಬೇರೆ. ಕೆಲಸ ಮುಗಿದ ಮೇಲೆ ಸೊನ್ನೆ ತುಂಬಿದರೆ ಜಾಗ ತೆರವಾಗುತ್ತದೆ.

2005ರಲ್ಲಿ ಸೋಲಾರಿಸ್ 10 ಎಂಬ ಆಪರೇಟಿಂಗ್ ಸಿಸ್ಟಮ್ ಜೊತೆ ಬಂದ ಈ ಭಾಷೆ ಮಾಡಿದವರು ಎಷ್ಟು ಹುಷಾರೆಂದರೆ, ಲೂಪೇ ಇಡಲಿಲ್ಲ. ಸ್ಕ್ರಿಪ್ಟ್ ಸುತ್ತುತ್ತಾ ಕೂತು ಸಿಸ್ಟಮ್ಮಿನ ತಿರುಳಾದ ಕರ್ನಲ್ ಸಿಕ್ಕಿಕೊಳ್ಳಬಾರದಲ್ಲ! ಓಡುವ ಸರ್ವರ್‌ಗೆ ಇಷ್ಟು ಕಾವಲು. ತಪ್ಪು ಲೆಕ್ಕ ನಂಬುವವರಿಗೆ ಮಾತ್ರ ಕಾವಲಿಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಗ್ರಾಫ್ ಚೆಂದವಾಗಿ ಬರುತ್ತದೆ. ಹುಡುಗನನ್ನು ಬೈಯಲು ಮನಸ್ಸೇ ಬರಲಿಲ್ಲ. ಕೊನೇಪಕ್ಷ ಅವನು ಪ್ರಶ್ನೆ ಕೇಳಿದ.

ಸೆಲ್ಫ್ ಹಾಕಿ ಓಡಿಸಿದೆವು. ನಿಧಾನದ ರೀಡ್‌ಗಳು ಸಾಲುಸಾಲಾಗಿ ಬಂದವು. ಮ್ಯಾನೇಜರ್ ಪರದೆ ನೋಡಿದವರೇ ಕೇಳಿದರು, "ಈ ಸ್ಕ್ರಿಪ್ಟ್ ಸರಿಯಾಗಿದೆಯಾ?"