ಟ್ಯಾಬ್ ಆನ್ ಆಗ್ತಿಲ್ವಾ? ಸ್ವಲ್ಪ ತಾಳಿ

ಮಳೆಗಾಲ ಪೂರ್ತಿ ಕಪಾಟಿನಲ್ಲಿ ಬಿದ್ದಿದ್ದ ಟ್ಯಾಬ್ ಆನ್ ಆಗ್ಲಿಲ್ಲ ಅಂದ್ರೆ ಸತ್ತೇ ಹೋಯ್ತು ಅಂದ್ಕೋಬೇಡಿ, ಎಷ್ಟೋ ಸಲ ಬ್ಯಾಟ್ರಿ ಪೂರ್ತಿ ಖಾಲಿಯಾಗಿರತ್ತೆ ಅಷ್ಟೇ. ನಮ್ಮ ಆಯಿ ಟ್ಯಾಬೂ ಹಾಗೇ ಆಗಿತ್ತು, ಚಾರ್ಜಿಗೆ ಹಾಕಿದ್ರೂ ಸ್ಕ್ರೀನ್ ಕಪ್ಪು, "ತಮಾ, ಇದು ಹೋತು ಕಾಣ್ತು" ಅಂತ ಆಯಿ ಆಸೆನೇ ಬಿಟ್ಟಿದ್ಲು.

ಟ್ಯಾಬಿನ ಬ್ಯಾಟ್ರಿಯಲ್ಲಿರೋ ಲಿಥಿಯಂ ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್ ಹತ್ರ ಇರತ್ತೆ. ಅದು 3 ವೋಲ್ಟಿಗಿಂತ ಕೆಳಗೆ ಇಳಿದ್ರೆ ಚಾರ್ಜಿಂಗ್ ಸರ್ಕ್ಯೂಟು ಒಮ್ಮೆಲೇ ಜೋರಾಗಿ ಕರೆಂಟ್ ಬಿಡೋದಿಲ್ಲ, ಸೆಲ್ ಹಾಳಾಗತ್ತೆ ಅಂತ ಚೂರುಚೂರೇ ಬಿಡತ್ತೆ, ಉಪವಾಸ ಇದ್ದವ್ರಿಗೆ ಮೊದ್ಲು ಗಂಜಿ ಕೊಟ್ಟ ಹಾಗೆ. ಆ ಹೊತ್ತಲ್ಲಿ ಸ್ಕ್ರೀನ್ ಹೊತ್ತಿಸೋ ಶಕ್ತಿ ಇರಲ್ಲ, ನಾವು ಹತ್ತು ನಿಮಿಷ ನೋಡಿ ವೈರ್ ಕಿತ್ತುಬಿಡ್ತೇವೆ. ಒಂದೆರಡು ಗಂಟೆ ಆದ್ರೂ ಬಿಡ್ಬೇಕು. ಅದೂ ಸರಿಯಾದ ಚಾರ್ಜರಲ್ಲಿ! ಹಳೇ ಫೋನಿನ 5 ವೋಲ್ಟ್ 1 ಆಂಪಿಯರ್ ಚಾರ್ಜರ್ ಕೊಡೋದು ಬರೀ 5 ವ್ಯಾಟ್, ಟ್ಯಾಬಿಗೆ ಸಾಮಾನ್ಯವಾಗಿ 10 ವ್ಯಾಟೋ ಅದಕ್ಕಿಂತ ಜಾಸ್ತಿನೋ ಬೇಕು. ಆಯಿ ಟ್ಯಾಬಿಗೆ ಅದ್ರದ್ದೇ ಚಾರ್ಜರ್ ಹುಡುಕಿ ಹಾಕಿದ ಮೇಲೇ ಜೀವ ಬಂದಿದ್ದು.

ಕಾರವಾರ, ಅಂಕೋಲ, ಕುಮಟಾ ಕಡೆಯವ್ರು ಇನ್ನೊಂದು ನೋಡ್ಲೇಬೇಕು, ಚಾರ್ಜಿಂಗ್ ಪೋರ್ಟು, ಅಂದ್ರೆ ಚಾರ್ಜರ್ ವೈರ್ ಸಿಕ್ಕಿಸೋ ತೂತು. ಉಪ್ಪುಗಾಳಿ, ತೇವ ಸೇರಿ ಒಳಗಿನ ಪಿನ್ನಿಗೆ ಹಸಿರು ಕಿಲುಬು ಹಿಡಿಯತ್ತೆ. ಟಾರ್ಚ್ ಬಿಟ್ಟು ನೋಡಿ. ಕಸ ಇದ್ರೆ ಚಾರ್ಜರ್ ತೆಗೆದು ಮರದ ಕಡ್ಡಿಯಿಂದ ಮೆಲ್ಲ ತೆಗೀರಿ, ಸೂಜಿ ಪಿನ್ನು ಬೇಡವೇ ಬೇಡ. ಒದ್ದೆ ಅನ್ಸಿದ್ರೆ ಫ್ಯಾನ್ ಕೆಳಗಿಡಿ, ಅಕ್ಕಿ ಡಬ್ಬಿಗೆ ಹಾಕಿದ್ರೆ ಪೋರ್ಟಿಗೆ ಹುಡಿ ಹೋಗತ್ತೆ, ಲಾಭ ಏನಿಲ್ಲ.

ಚಾರ್ಜ್ ಆಗಿಯೂ ಕಪ್ಪಗೇ ಇದ್ರೆ ಸಿಸ್ಟಮ್ ಹ್ಯಾಂಗ್ ಆಗಿರ್ಬಹುದು. ಹೆಚ್ಚಿನ ಆಂಡ್ರಾಯ್ಡ್ ಟ್ಯಾಬಲ್ಲಿ ಪವರ್ ಮತ್ತೆ ವಾಲ್ಯೂಮ್ ಡೌನ್ ಒಟ್ಟಿಗೆ 10-20 ಸೆಕೆಂಡ್ ಒತ್ತಿ ಹಿಡೀರಿ. ಹೋಮ್ ಬಟನ್ ಇಲ್ಲದ ಐಪ್ಯಾಡಲ್ಲಿ ಮೇಲಿನ ಬಟನ್ನಿಗೆ ಹತ್ರ ಇರೋ ವಾಲ್ಯೂಮ್ ಬಟನ್ ಒಮ್ಮೆ ಒತ್ತಿ ಬಿಡಿ, ಆಮೇಲೆ ಇನ್ನೊಂದು, ನಂತ್ರ ಮೇಲಿನ ಬಟನ್ ಆ್ಯಪಲ್ ಲೋಗೋ ಬರೋವರೆಗೂ ಹಿಡಿದಿರಿ. ಸ್ಕ್ರೀನ್ ಕಪ್ಪಿದ್ದೂ ನೋಟಿಫಿಕೇಶನ್ ಸದ್ದು ಬರ್ತಿದ್ರೆ ಬ್ಯಾಟ್ರಿ ಸರಿ ಇದೆ, ತೊಂದ್ರೆ ಡಿಸ್‌ಪ್ಲೇದು, ಅದಕ್ಕೆ ರಿಪೇರಿಯವ್ರೇ ಬೇಕು.

ಹಿಂಬದಿ ಉಬ್ಬಿದ್ರೆ ಮಾತ್ರ ಇದ್ಯಾವ್ದನ್ನೂ ಮಾಡ್ಬೇಡಿ! ಚಾರ್ಜಿಗೂ ಹಾಕ್ಬೇಡಿ, ಒತ್ತಬೇಡಿ, ಬೆಂಕಿ ಹೊತ್ಕೊಳ್ಳೋ ಅಪಾಯ ಇರತ್ತೆ, ಸೀದಾ ಸರ್ವಿಸ್ ಸೆಂಟರಿಗೆ ಕೊಡಿ.

ಮುಂದಿನ ಮಳೆಗಾಲಕ್ಕೆ ಎತ್ತಿಡೋದಿದ್ರೆ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ ಇಡಿ, ನಡುವೆ ಒಮ್ಮೊಮ್ಮೆ ತೆಗೆದು ಚಾರ್ಜ್ ನೋಡ್ಕೊಳ್ಳಿ.